ದತ್ತಿಯಿಂದ ಚಂದಾದವರೆಗೆ: ಧಾತು–ಈಶ್ವರ ಬರಗಾಲದಲ್ಲಿ ನಿರಾಶ್ರಿತರ ಅನ್ನದ ಪ್ರಶ್ನೆ

1. ಪ್ರಾಸ್ತಾವಿಕ

ಹಸಿದವರಿಗೆ ಅನ್ನವಿಕ್ಕುವುದು ಪುಣ್ಯಕಾರ್ಯವೆಂಬ ಮಾತು ನಮ್ಮಲ್ಲಿ ಬಹು ಹಳೆಯದು. ಆದರೆ ಆ ಅನ್ನಕ್ಕೆ ಬೇಕಾದ ಹಣವನ್ನು ಯಾರು ಕೂಡಿಸಿದರು, ಯಾರಿಂದ ಕೂಡಿಸಿದರು, ಯಾವ ಕಟ್ಟಳೆಗೆ ಒಳಪಟ್ಟು ವೆಚ್ಚ ಮಾಡಿದರು ಎಂಬ ಪ್ರಶ್ನೆಗಳು ನಮ್ಮ ಚರಿತ್ರೆಯ ಬರವಣಿಗೆಯಲ್ಲಿ ಹಿನ್ನೆಲೆಗೆ ಸರಿದಿವೆ. ದಾನಿಯ ಹೆಸರು ಶಾಸನದಲ್ಲಿಯೋ ವರದಿಯಲ್ಲಿಯೋ ಉಳಿಯುತ್ತದೆ. ಉಂಡವನ ಹೆಸರು ಉಳಿಯುವುದಿಲ್ಲ. ಇವರಿಬ್ಬರ ನಡುವೆ ನಿಂತು ಹಣವನ್ನು ಗಂಜಿಯಾಗಿ ಮಾರ್ಪಡಿಸಿದ ವ್ಯವಸ್ಥೆಯ ಸ್ವರೂಪವಂತೂ ಪ್ರತ್ಯೇಕ ಅಧ್ಯಯನದ ವಸ್ತುವಾಗಿದೆ.

ಪ್ರಸ್ತುತ ಲೇಖನದಲ್ಲಿ ನಾವು 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ನಡುಗಿಸಿದ ಮಹಾಕ್ಷಾಮವನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಕಾರಣ ಕನ್ನಡಿಗರು ಇದನ್ನು ಧಾತು–ಈಶ್ವರ ಬರಗಾಲವೆಂದು ಕರೆದರು. ತಮಿಳರೂ ಧಾತು ವರ್ಷದ ಪಂಜವೆಂದೇ ನೆನೆಯುತ್ತಾರೆ. ಅಂದು ಕನ್ನಡ ನಾಡು ಒಂದೇ ಆಡಳಿತದಲ್ಲಿರಲಿಲ್ಲ. ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಬಳ್ಳಾರಿ ಮದರಾಸು ಪ್ರಾಂತಕ್ಕೆ, ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ, ರಾಯಚೂರು ಮತ್ತು ಕಲಬುರ್ಗಿ ಭಾಗಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಆದ್ದರಿಂದ ಕನ್ನಡಿಗರ ಈ ಹಸಿವಿನ ದಾಖಲೆಗಳು ಹೆಚ್ಚಾಗಿ ರಾಜ್ಯದ ಹೊರಗೇ ಇವೆ. ಹೊರನಾಡಿನ ಸಂಶೋಧಕರ ಮುಂದೆ ಈ ವಿಷಯವನ್ನು ಇಡುವುದಕ್ಕೆ ಇದೂ ಒಂದು ಕಾರಣ.

ಬರಗಾಲದ ಭೀಕರತೆಯನ್ನು ಅಳೆಯಲು ಒಂದು ಲೆಕ್ಕ ಸಾಕು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳ ಸಹಜ ಬೆಳವಣಿಗೆಯನ್ನು ಬದಿಗಿಟ್ಟರೂ 8,69,224 ಜನ ಕಡಿಮೆಯಾದರು. ಇವರಲ್ಲಿ ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಈ ಎರಡು ಅಂಕಿಗಳು ಬೇರ್ಪಡಿಸಿ ತೋರಿಸುವುದಿಲ್ಲ. ಊರು ಬಿಟ್ಟು ದಾರಿಯಲ್ಲಿ ನಿಂತವನೇ ಈ ಲೇಖನದ ಕೇಂದ್ರವ್ಯಕ್ತಿ.

2. ದತ್ತಿಯ ಪದ್ಧತಿ

ಚಂದಾ ಎತ್ತುವ ಪದ್ಧತಿ ಬರುವುದಕ್ಕೆ ಮೊದಲು ಅನ್ನದಾನಕ್ಕೆ ಆಧಾರವಾಗಿದ್ದುದು ದತ್ತಿ. ಬಳ್ಳಿಗಾವೆಯ ಕೋಡಿಮಠಕ್ಕೆ ಸಂಬಂಧಿಸಿದ 1162ರ ಶಾಸನವು ಆ ಮಠವನ್ನು ವಿದ್ಯಾಸ್ಥಾನವೆಂದು ಬಣ್ಣಿಸುವುದರ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನ ದೊರೆಯುವ ಸ್ಥಳವೆಂದೂ ರೋಗಿಗಳಿಗೆ ಔಷಧ ಸಿಗುವ ಸ್ಥಳವೆಂದೂ ಹೇಳುತ್ತದೆ. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು, ಉಣ್ಣುವವನು ಯಾವ ಊರಿನವನೆಂಬ ಪ್ರಶ್ನೆ ಇಲ್ಲಿ ಮುಂದೆ ಬರುವುದಿಲ್ಲ. ಅವನ ಅಗತ್ಯವೇ ಅವನ ಅರ್ಹತೆ. ಎರಡನೆಯದು, ಈ ಅನ್ನದ ಮೂಲ ಭೂಮಿ. ಬಿಟ್ಟುಕೊಟ್ಟ ಭೂಮಿಯ ಉತ್ಪನ್ನ ಪ್ರತಿವರ್ಷ ಬರುತ್ತದೆ. ಆದ್ದರಿಂದ ದಾನಿಯ ಮನಸ್ಸನ್ನು ಪ್ರತಿದಿನ ಕರಗಿಸಬೇಕಾದ ಅವಶ್ಯಕತೆ ಇಲ್ಲ. ಜೈನರ ಚತುರ್ವಿಧ ದಾನಗಳಲ್ಲಿ ಆಹಾರದಾನಕ್ಕೆ ಸಂದ ಸ್ಥಾನವನ್ನೂ ಶರಣರ ದಾಸೋಹದ ಪರಿಕಲ್ಪನೆಯನ್ನೂ ಇದರೊಡನೆ ಸೇರಿಸಿ ನೋಡಿದರೆ, ಅನ್ನವಿಕ್ಕುವ ಕಾರ್ಯ ನಮ್ಮಲ್ಲಿ ಸಂಸ್ಥೆಯ ರೂಪ ತಳೆದಿತ್ತೆಂಬುದು ಸ್ಪಷ್ಟವಾಗುತ್ತದೆ.

ಆದರೆ ದತ್ತಿಗೆ ಒಂದು ಸಹಜವಾದ ಮಿತಿಯಿತ್ತು. ಮಳೆ ತಪ್ಪಿದರೆ ರೈತನ ಹೊಲದೊಡನೆ ದತ್ತಿಯ ಹೊಲವೂ ಒಣಗುತ್ತದೆ. ಅನ್ನ ಅತಿ ಹೆಚ್ಚು ಬೇಕಾದ ವರ್ಷದಲ್ಲಿಯೇ ಛತ್ರದ ಕಣಜ ಬರಿದಾಗುತ್ತದೆ. ಇದಲ್ಲದೆ ಹತ್ತೊಂಬತ್ತನೆಯ ಶತಮಾನದ ನಡುವೆ ದತ್ತಿಗಳ ತಳಹದಿಯೇ ಪ್ರಶ್ನೆಗೊಳಗಾಯಿತು. ಮುಂಬಯಿ ಪ್ರಾಂತದಲ್ಲಿ 1852ರ ಕಾಯಿದೆಯ ಮೇರೆಗೆ ಇನಾಂ ಜಮೀನುಗಳ ಹಕ್ಕುಗಳನ್ನು ಕಮಿಷನ್ ಪರಿಶೀಲಿಸಿತು. ಹೀಗೆ 1876ರ ಬರಗಾಲ ಬಂದಾಗ ಹಳೆಯ ಪದ್ಧತಿ ಇದ್ದರೂ ಅದರ ಬಲ ಕುಗ್ಗಿತ್ತೆಂದು ಹೇಳಬಹುದು.

3. ಚಂದಾದ ಪೂರ್ವರೂಪಗಳು

ಮದರಾಸಿನ ಮೊನೆಗಾರ್ ಛತ್ರದ ಮೂಲ 1782ರ ಗಂಜಿಕೇಂದ್ರ. ಹೈದರಾಲಿಯು 1780ರಲ್ಲಿ ಕರ್ನಾಟಿಕ ಪ್ರದೇಶದ ಮೇಲೆ ನಡೆಸಿದ ದಂಡಯಾತ್ರೆಯ ನಂತರ ಹಳ್ಳಿಗಳು ಹಾಳಾಗಿ ಜನರು ಮದರಾಸಿನತ್ತ ಓಡಿಬಂದರು; ಅವರಿಗಾಗಿ ಏರ್ಪಟ್ಟ ಪರಿಹಾರ ಕಾರ್ಯದಿಂದ ಈ ಸಂಸ್ಥೆ ಬೆಳೆಯಿತು. ಊರ ಮುಖ್ಯಸ್ಥನೆಂಬ ಅರ್ಥದ ತಮಿಳಿನ ‘ಮಣಿಯಕ್ಕಾರರ್’ ಎಂಬ ಶಬ್ದವೇ ಇಂಗ್ಲಿಷರ ಬಾಯಿಯಲ್ಲಿ ‘ಮೊನೆಗಾರ್’ ಆಯಿತು. ಮುಂದೆ ಇದರೊಡನೆ ಆಸ್ಪತ್ರೆಯೂ ಸೇರಿ, ಕಾಲಕ್ರಮದಲ್ಲಿ ಸ್ಟಾನ್ಲಿ ಆಸ್ಪತ್ರೆಯ ಚರಿತ್ರೆ ಇಲ್ಲಿಂದಲೇ ಆರಂಭವಾಗುತ್ತದೆ. ಮೈಸೂರಿನ ಸೇನೆಯ ದಂಡಯಾತ್ರೆಯು ಮದರಾಸಿನ ಪ್ರಸಿದ್ಧ ಧರ್ಮಸಂಸ್ಥೆಯೊಂದರ ಹುಟ್ಟಿಗೆ ಪರೋಕ್ಷ ಕಾರಣವಾದುದು ಕನ್ನಡ ಸಂಶೋಧಕರು ನೆನಪಿಡಬೇಕಾದ ಸಂಗತಿ.

ಇನ್ನೊಂದು ನಿದರ್ಶನ ವಡಲೂರಿನದು. ರಾಮಲಿಂಗ ಸ್ವಾಮಿಗಳು 1867ರ ಮೇ 23ರಂದು ಅಲ್ಲಿ ಸತ್ಯಧರ್ಮಶಾಲೆಯನ್ನು ಆರಂಭಿಸಿ, ಜಾತಿಮತಗಳ ಭೇದವಿಲ್ಲದೆ ಹಸಿದವರಿಗೆ ಅನ್ನವಿಕ್ಕುವ ಏರ್ಪಾಟು ಮಾಡಿದರು. ಅಂದು ಹೊತ್ತಿಸಿದ ಒಲೆಯನ್ನು ಇಂದಿಗೂ ಆರದಂತೆ ಕಾಪಾಡಿಕೊಂಡು ಬರಲಾಗಿದೆ. ಈ ಶಾಲೆಗೆ ಭೂಮಿಯನ್ನು ಕೊಟ್ಟವರು ಅರಸರಲ್ಲ, ಆ ಊರಿನ ಜನ. ದತ್ತಿಗೂ ಚಂದಾಕ್ಕೂ ನಡುವಿನ ಕೊಂಡಿಯಾಗಿ ಇದನ್ನು ಪರಿಗಣಿಸಬಹುದು: ಆಧಾರ ಭೂಮಿಯೇ ಆದರೂ ಅದು ಅನೇಕರು ಕೂಡಿ ಕೊಟ್ಟ ಭೂಮಿ.

4. ಸರಕಾರದ ಅಳತೆಗೋಲು

1876ರಲ್ಲಿ ಮಳೆ ಕೈಕೊಟ್ಟಿತು. ವರ್ಷದ ಕೊನೆಯ ಹೊತ್ತಿಗೆ ಬಳ್ಳಾರಿ, ಕರ್ನೂಲು, ಕಡಪ ಜಿಲ್ಲೆಗಳಲ್ಲಿಯೂ ಮೈಸೂರಿನಲ್ಲಿಯೂ ಜನರು ಗುಳೆ ಹೊರಟರು. 1877ರ ಜನವರಿ 1ರಂದು ದೆಹಲಿಯಲ್ಲಿ ಮಹಾರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ವೈಭವದಿಂದ ಜರುಗಿತು. ಅದೇ ತಿಂಗಳು ವೈಸರಾಯ್ ಲಿಟ್ಟನ್ನನು ಸರ್ ರಿಚರ್ಡ್ ಟೆಂಪಲ್‌ನನ್ನು ಕ್ಷಾಮಪ್ರದೇಶಗಳಿಗೆ ಕಳುಹಿಸಿದನು. ಅವನಿಗೆ ಕೊಟ್ಟ ಸೂಚನೆಯ ತಿರುಳು ಮಿತವ್ಯಯ. ಟೆಂಪಲ್‌ನ ಕಾಲದಲ್ಲಿ ಕಾಮಗಾರಿಗಳಲ್ಲಿ ದುಡಿಯುವ ವಯಸ್ಕ ಗಂಡಸಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಅದರ ಮೇಲಿನ ಅಲ್ಪ ಕಾಸಿಗೆ ಇಳಿಸಲಾಯಿತು. ಚರಿತ್ರೆಯಲ್ಲಿ ಇದು ‘ಟೆಂಪಲ್ ಕೂಲಿ’ ಎಂದೇ ಕುಖ್ಯಾತವಾಗಿದೆ.

ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಶ್ ಈ ಅಳತೆಯನ್ನು ಬಲವಾಗಿ ವಿರೋಧಿಸಿದನು. ಮೈಮುರಿದು ದುಡಿಯುವ ಮನುಷ್ಯನು ಇಷ್ಟರಿಂದ ಬದುಕಲಾರನೆಂಬುದು ಅವನ ವೈದ್ಯಕೀಯ ವಾದವಾಗಿತ್ತು. ಕೆಲವು ತಿಂಗಳುಗಳಲ್ಲಿ ಮದರಾಸು ಸರಕಾರ ಕೂಲಿಯನ್ನು ಹೆಚ್ಚಿಸಿತು. ಮುಂಬಯಿ ಪ್ರಾಂತದ ದಖ್ಖಣ ಜಿಲ್ಲೆಗಳಲ್ಲಿ ಕೂಲಿಯಾಳುಗಳು ಇಳಿಸಿದ ಕೂಲಿಯನ್ನು ಒಲ್ಲದೆ ಕಾಮಗಾರಿಗಳನ್ನೇ ಬಿಟ್ಟು ಹೊರಟರು; ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಬರೆಯಿತು. 1870ರಲ್ಲಿ ಸ್ಥಾಪಿತವಾದ ಈ ಸಭೆಯು ಕ್ಷಾಮಪೀಡಿತ ಜಿಲ್ಲೆಗಳ ವೃತ್ತಾಂತಗಳನ್ನು ಕಲೆಹಾಕಿ ಒಂದರ ಮೇಲೊಂದು ಮನವಿಯಾಗಿ ಕಳುಹಿಸಿದ್ದು, ನಮ್ಮ ದೇಶದಲ್ಲಿ ಹಸಿವನ್ನು ಸಾರ್ವಜನಿಕ ದಾಖಲೆಯಾಗಿ ಮಾರ್ಪಡಿಸಿದ ಆರಂಭದ ಯತ್ನಗಳಲ್ಲೊಂದು.

ಟೆಂಪಲ್ ಕೂಲಿಯ ವಿವಾದಕ್ಕೆ ನಮ್ಮ ವಿಷಯದೊಡನೆ ನೇರ ಸಂಬಂಧವಿದೆ. ಸರಕಾರವು ಜೀವ ಉಳಿಸುವಷ್ಟು ಮಾತ್ರ ಕೊಡುವೆನೆಂದು ಗೆರೆ ಎಳೆದಾಗ, ಆ ಗೆರೆಯ ಆಚೆಗೆ ಉಳಿದವರ ಹೊಣೆ ಯಾರದೆಂಬ ಪ್ರಶ್ನೆ ಹುಟ್ಟುತ್ತದೆ. ಚಂದಾದ ಚರಿತ್ರೆ ಈ ಪ್ರಶ್ನೆಯಿಂದಲೇ ಮೊದಲಾಗುತ್ತದೆ.

5. ಮನವಿ ಮತ್ತು ಚಿತ್ರ

1877ರ ಆಗಸ್ಟ್ 4ರಂದು ಮದರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿತು. ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಬೆಂಬಲವೂ ಇದಕ್ಕಿತ್ತು. ಇಂಗ್ಲೆಂಡಿನ ಜನರ ನೆರವನ್ನು ಬೇಡುವ ಮನವಿ ತಂತಿಯ ಮೂಲಕ ಲಂಡನ್ನಿಗೆ ಹೋಯಿತು. ಅಲ್ಲಿನ ಲಾರ್ಡ್ ಮೇಯರ್ ತನ್ನ ಅಧಿಕೃತ ನಿವಾಸವಾದ ಮ್ಯಾನ್ಶನ್ ಹೌಸಿನಲ್ಲಿ ನಿಧಿಯನ್ನು ತೆರೆದನು. ವೈಸರಾಯನಿಗೆ ಮೊದಲಿಗೆ ಇದು ರುಚಿಸಲಿಲ್ಲ. ತನ್ನ ಆಡಳಿತ ಸೋತಿದೆಯೆಂದು ಜಗತ್ತಿಗೆ ಸಾರಿದಂತಾಗುತ್ತದೆಂಬ ಭಾವನೆ ಅದರ ಹಿಂದಿತ್ತು. ಆದರೂ ಒಟ್ಟು ಸುಮಾರು 8,20,000 ಪೌಂಡ್ ಕೂಡಿತು. ಲ್ಯಾಂಕಾಶೈರಿನ ಹತ್ತಿಗಿರಣಿಗಳ ಪಟ್ಟಣಗಳೂ ಇದಕ್ಕೆ ಕೈಜೋಡಿಸಿದವು. ‘ಮದರಾಸ್ ಟೈಮ್ಸ್’ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ ನಿಧಿಯ ಗೌರವ ಕಾರ್ಯದರ್ಶಿಯಾದನು. ಸುಮಾರು 120 ಸ್ಥಳೀಯ ಸಮಿತಿಗಳ ಮೂಲಕ ಹಣ ಹಂಚಿಕೆಯಾಯಿತು. 1878ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ ಡಿಗ್ಬಿಯ ಕ್ಷಾಮಚರಿತ್ರೆ ಇಂದಿಗೂ ಈ ವಿಷಯದ ಮುಖ್ಯ ಆಕರ.

ದೂರದೇಶದ ದಾನಿಯ ಮನಸ್ಸನ್ನು ಮುಟ್ಟುವುದಕ್ಕೆ ಅಕ್ಷರದಷ್ಟೇ ಚಿತ್ರವೂ ನೆರವಾಯಿತು. ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆಯ 1877ರ ಅಕ್ಟೋಬರ್ 20ರ ಸಂಚಿಕೆಯಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತ ಜನರ ಚಿತ್ರ ಅಚ್ಚಾಯಿತು. ಅದೇ ತಿಂಗಳು ‘ಗ್ರಾಫಿಕ್’ ಪತ್ರಿಕೆಯು ಬಳ್ಳಾರಿ ಜಿಲ್ಲೆಯ ಮನುಷ್ಯರ ಮತ್ತು ದನಗಳ ದುರವಸ್ಥೆಯನ್ನು ಚಿತ್ರಿಸಿತು. ಕನ್ನಡ ನಾಡಿನ ಹಸಿವು ಹೀಗೆ ಲಂಡನ್ನಿನ ಓದುಗರ ಮೇಜಿನ ಮೇಲೆ ಹರಡಿಕೊಂಡಿತು. ಸೇನಾಧಿಕಾರಿ ವಿಲ್ಲೋಬಿ ಹೂಪರ್ ಮದರಾಸು ಪ್ರಾಂತದಲ್ಲಿ ತೆಗೆದ ಛಾಯಾಚಿತ್ರಗಳು ಇನ್ನೂ ಘೋರವಾದವು. ಎಲುಬಿನ ಹಂದರವಾದ ಮನುಷ್ಯರನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆದವನು ಅವರಿಗೆ ಮಾಡಿದ ಸಹಾಯವೇನು ಎಂಬ ಟೀಕೆ ಅವನ ಮೇಲೆ ಬಂದಿತು. ಹಸಿದವನ ಮಾನವನ್ನು ಬೆಲೆಯಾಗಿ ತೆತ್ತು ಅವನ ಅನ್ನಕ್ಕೆ ಹಣ ಕೂಡಿಸುವುದು ಸರಿಯೇ ಎಂಬ ಈ ಪ್ರಶ್ನೆ ಇಂದಿನ ದಾನಸಂಗ್ರಹದಲ್ಲಿಯೂ ಬಗೆಹರಿದಿಲ್ಲ. ದತ್ತಿಯ ಕಾಲದಲ್ಲಿ ಇದು ಹುಟ್ಟಲು ಅವಕಾಶ ಕಡಿಮೆ. ಏಕೆಂದರೆ ಅಲ್ಲಿ ದಾನಿಗೆ ಉಣ್ಣುವವನ ಮುಖವನ್ನು ತೋರಿಸಬೇಕಾದ ಅಗತ್ಯವೇ ಇರಲಿಲ್ಲ.

6. ಹಣ ಹೋದ ದಾರಿ

ಮೇಲ್ನೋಟಕ್ಕೆ ಈ ಹಣವೆಲ್ಲ ಗಂಜಿಗೆ ವಿನಿಯೋಗವಾಯಿತೆಂದು ತೋರುತ್ತದೆ. ವಾಸ್ತವ ಬೇರೆ. ಮನವಿ ಹೋದದ್ದು ಆಗಸ್ಟಿನಲ್ಲಿ. ಸೆಪ್ಟೆಂಬರಿನಿಂದ ಮಳೆ ಮರುಕಳಿಸತೊಡಗಿತು. ಜೀವ ಉಳಿಸುವುದು ಸರಕಾರದ ಕರ್ತವ್ಯ, ಅದಕ್ಕೆ ಮೀರಿದ್ದು ಖಾಸಗಿ ದಾನದ ಕ್ಷೇತ್ರ ಎಂಬ ವಿಭಜನೆಯೂ ಗಟ್ಟಿಯಾಯಿತು. ಪರಿಣಾಮವಾಗಿ ನಿಧಿಯ ದೊಡ್ಡ ಪಾಲು ಬಟ್ಟೆ, ಮನೆಯ ದುರಸ್ತಿ, ಬಿತ್ತನೆಯ ಬೀಜ, ಉಳುವ ಎತ್ತು ಇವುಗಳಿಗೆ ಹೋಯಿತು.

ಇದನ್ನು ದಾನಿಗಳಿಗೆ ಮಾಡಿದ ವಂಚನೆಯೆಂದು ಕರೆಯುವುದು ಉಚಿತವಲ್ಲ. ಬರಗಾಲದಲ್ಲಿ ಹಳ್ಳಿಗರು ಮೊದಲು ಪಾತ್ರೆಪಡಗ, ಆಮೇಲೆ ದನಕರು, ಕೊನೆಗೆ ಮನೆಯ ಬಾಗಿಲು, ತೊಲೆ, ಜಂತೆಗಳನ್ನೂ ಮಾರಿಕೊಂಡರು. ಸೂರಿನ ಮರವನ್ನು ಮಾರಿ ಕಾಳು ಕೊಂಡವನು ಆ ಕಾಳು ಮುಗಿದ ದಿನ ಹಸಿದವನೂ ಹೌದು, ಮನೆಯಿಲ್ಲದವನೂ ಹೌದು. ಅವನಿಗೆ ಒಂದು ತಿಂಗಳ ಗಂಜಿಗಿಂತ ಒಂದು ಸೂರು ಮತ್ತು ಒಂದು ಎತ್ತು ಹೆಚ್ಚು ಕಾಲದ ಅನ್ನ. ಈ ದೃಷ್ಟಿಯಿಂದ ಚಂದಾದ ಹಣ ಹಸಿವಿನ ಬೇರಿಗೇ ಕೈಹಾಕಿತೆನ್ನಬೇಕು.

ಆದರೆ ಈ ವಿನಿಯೋಗದ ಫಲ ಎಲ್ಲರಿಗೂ ಸಮನಾಗಿ ಮುಟ್ಟುವಂತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಬೀಜ ಮತ್ತು ಎತ್ತು ಹೊಲವಿದ್ದವನಿಗೆ ಉಪಯುಕ್ತ. ಸೂರಿನ ಹಣ ನಿವೇಶನವಿದ್ದವನಿಗೆ ಉಪಯುಕ್ತ. ಹೊಲವಿಲ್ಲದ ಕೂಲಿಯಾಳು, ಮಾರುಕಟ್ಟೆ ಕುಸಿದ ನೇಕಾರ, ಗಂಡನನ್ನು ದಾರಿಯಲ್ಲಿ ಕಳೆದುಕೊಂಡ ಹೆಂಗಸು ಇವರು ಯಾವ ಊರಿಗೆ ಮರಳಿ ಯಾವುದನ್ನು ಕಟ್ಟಿಕೊಳ್ಳಬೇಕು? ಮರಳುವವನಿಗೆ ನೆರವಾದ ನಿಧಿಯು ಮರಳಲಾರದವನ ಕೈಗೆ ಎಟುಕಲು ಕಷ್ಟವಾಯಿತು.

7. ಅಲೆಯುವವನು ಮತ್ತು ನಗರ

ಮರಳಲಾರದವನನ್ನು ಅಂದಿನ ದಾಖಲೆಗಳು ‘ಅಲೆಮಾರಿ’ ಎಂಬ ಅರ್ಥದ ಶಬ್ದದಿಂದ ಗುರುತಿಸುತ್ತವೆ. ಮದರಾಸಿನ ಸಿರಿವಂತ ಹಿಂದೂ ಗೃಹಸ್ಥರು ತಮ್ಮ ಮನೆಬಾಗಿಲಲ್ಲಿ ನೂರಾರು ಜನರಿಗೆ ಅನ್ನವಿಕ್ಕುತ್ತಿದ್ದರು. ಆಡಳಿತದ ಕಣ್ಣಿಗೆ ಇದು ಧರ್ಮವೂ ಹೌದು, ತೊಡಕೂ ಹೌದು. ಕಾಲರಾ ಮತ್ತು ಸಿಡುಬಿನ ಭಯ, ಬೀದಿಯಲ್ಲಿ ಜನಜಂಗುಳಿಯ ಭಯ, ಬಿಟ್ಟಿ ಅನ್ನದಿಂದ ಸೋಮಾರಿತನ ಬೆಳೆಯುತ್ತದೆಂಬ ನಂಬಿಕೆ ಇವೆಲ್ಲ ಕೂಡಿ, ಅಲೆಯುವವರನ್ನು ಶಿಬಿರಗಳಿಗೆ ಸೇರಿಸಬೇಕೆಂಬ ನೀತಿ ಬಲಗೊಂಡಿತು. ಮನೆಬಾಗಿಲಿನ ಎಲೆಯಿಂದ ಶಿಬಿರದ ಸಾಲಿಗೆ ಅನ್ನ ಸ್ಥಳಾಂತರಗೊಂಡಿತು.

ಶಿಬಿರದ ಅನ್ನಕ್ಕೆ ಬೇರೊಂದು ಅರ್ಥವೂ ಇತ್ತು. ಯಾರೋ ಬೇಯಿಸಿದ ಅನ್ನವನ್ನು ಸಾಲಿನಲ್ಲಿ ಕುಳಿತು ಉಣ್ಣಲು ಜಾತಿಯ ಕಟ್ಟಿನಲ್ಲಿದ್ದ ಅನೇಕರು ಹಿಂಜರಿದರು. ಅಡುಗೆಯವರ ಜಾತಿಯನ್ನು ನೋಡಿ ನೇಮಿಸಬೇಕಾಯಿತು. ಅಧಿಕಾರಿಗಳಲ್ಲಿ ಕೆಲವರು ಈ ಹಿಂಜರಿಕೆಯನ್ನೇ ಪರೀಕ್ಷೆಯಾಗಿ ಬಳಸಿದರು: ನಿಜವಾಗಿ ಹಸಿದವನು ಬೇಯಿಸಿದ್ದನ್ನೂ ಉಣ್ಣುತ್ತಾನೆ, ಉಣ್ಣಲೊಲ್ಲದವನಿಗೆ ಹಸಿವಿಲ್ಲ ಎಂಬುದು ಅವರ ತರ್ಕ. ಕೋಡಿಮಠದ ಶಾಸನದಲ್ಲಿ ಅಗತ್ಯವೇ ಅರ್ಹತೆಯಾಗಿತ್ತೆಂದು ಹಿಂದೆ ಹೇಳಿದ್ದೇವೆ. ಇಲ್ಲಿ ಅಗತ್ಯವನ್ನು ಪ್ರತಿದಿನ ರುಜುವಾತುಪಡಿಸಬೇಕಾಯಿತು.

ಇದಕ್ಕೆ ಭಿನ್ನವಾದ ದಾರಿಯನ್ನು ಪುಣೆಯ ಸತ್ಯಶೋಧಕ ಸಮಾಜದ ಕಾರ್ಯದಲ್ಲಿ ಕಾಣುತ್ತೇವೆ. ಸಾವಿತ್ರಿಬಾಯಿ ಫುಲೆ ಅವರು 1877ರ ಏಪ್ರಿಲ್ 20ರಂದು ಜುನ್ನರಿನ ಓತೂರಿನಿಂದ ಪತಿಗೆ ಬರೆದ ಪತ್ರದಲ್ಲಿ ಬರದ ಹಾವಳಿಯನ್ನೂ ಜನರು ಊರು ತೊರೆಯುತ್ತಿರುವುದನ್ನೂ ಸತ್ಯಶೋಧಕರ ಪರಿಹಾರ ಕಾರ್ಯವನ್ನೂ ವಿವರಿಸುತ್ತಾರೆ. ಪುಣೆಯ ಸಮೀಪದ ಧನಕವಡಿಯಲ್ಲಿ ಬರಪೀಡಿತ ಮಕ್ಕಳಿಗೆ ಅನ್ನವಿಕ್ಕುವ ಕೇಂದ್ರ ಏರ್ಪಟ್ಟಿತು. ಅದಕ್ಕಾಗಿ ಜೋತಿರಾವ್ ಫುಲೆ ಅವರು 1877ರಲ್ಲಿ ಸಾರ್ವಜನಿಕ ಮನವಿಯನ್ನು ಹೊರಡಿಸಿದರು. ಲಂಡನ್ನಿನ ನಿಧಿಗೆ ಹೋಲಿಸಿದರೆ ಇದರ ಗಾತ್ರ ಅತ್ಯಲ್ಪ. ಆದರೆ ಇಲ್ಲಿ ಬೇಡುವವರೂ ಬಡಿಸುವವರೂ ಒಂದೇ ಗುಂಪಿನವರು. ಕೊಡುವವನಿಗೂ ಉಣ್ಣುವವನಿಗೂ ನಡುವೆ ಸಮುದ್ರದ ಅಂತರವಿರಲಿಲ್ಲ.

8. ಅನಂತರದ ಬೆಳವಣಿಗೆ

ಈ ಅನುಭವದ ಆಧಾರದ ಮೇಲೆ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಸಲ್ಲಿಸಿತು. 1883ರಲ್ಲಿ ಕ್ಷಾಮ ಸಂಹಿತೆ ರೂಪುಗೊಂಡಿತು. 1897ರ ಭಾರತೀಯ ಕ್ಷಾಮ ಧರ್ಮನಿಧಿಗೆ ನಾಲ್ಕು ಉದ್ದೇಶಗಳನ್ನು ಗೊತ್ತುಪಡಿಸಲಾಯಿತು: ಸರಕಾರದ ಪರಿಹಾರಕ್ಕೆ ಪೂರಕವಾಗಿ ಬಟ್ಟೆ ಮೊದಲಾದ ಸಣ್ಣ ಸೌಕರ್ಯಗಳನ್ನು ಒದಗಿಸುವುದು, ಅನಾಥ ಮಕ್ಕಳ ಪಾಲನೆ, ಹೊರಗೆ ಬಂದು ಬೇಡಲಾರದ ಮಾನವಂತರಿಗೆ ನೆರವು, ಸರ್ವಸ್ವವನ್ನೂ ಕಳೆದುಕೊಂಡವರನ್ನು ಮತ್ತೆ ನೆಲೆಗೊಳಿಸುವುದು. 1877ರ ವಿಭಜನೆಯೇ ಇಲ್ಲಿ ನಿಯಮವಾಗಿ ನೆಲೆನಿಂತಿತೆಂಬುದು ಸ್ಪಷ್ಟ. 1900ರಲ್ಲಿ ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗರು 15 ಲಕ್ಷ ರೂಪಾಯಿಗಳ ಮೂಲಧನ ಕೊಟ್ಟು ಭಾರತೀಯ ಜನತೆಯ ಕ್ಷಾಮ ಟ್ರಸ್ಟನ್ನು ಸ್ಥಾಪಿಸಿದರು. ಬರ ಬಂದಾಗಲೆಲ್ಲ ಹೊಸದಾಗಿ ಬೇಡುವ ಬದಲು ಮೊದಲೇ ಹಣವನ್ನು ಕೂಡಿಟ್ಟುಕೊಳ್ಳುವ ಈ ಯೋಜನೆಯಲ್ಲಿ ದತ್ತಿಯ ತತ್ತ್ವ ಮರಳಿ ಬಂದಿತು. ಭೂಮಿಯ ಸ್ಥಾನದಲ್ಲಿ ಮೂಲಧನ ನಿಂತಿತು.

ಅಲೆಯುವವನನ್ನು ಕೂಡಿಹಾಕುವ ನೀತಿಗೂ ಉತ್ತರಾಧಿಕಾರಿಗಳುಂಟು. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆ ದೆಹಲಿಗೂ ವಿಸ್ತರಿಸಿತು. 2018ರ ಆಗಸ್ಟ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಭಿಕ್ಷೆಯನ್ನು ಅಪರಾಧವಾಗಿಸುವ ಅದರ ಕಲಮುಗಳನ್ನು ಅಲ್ಲಿನ ಮಟ್ಟಿಗೆ ರದ್ದುಪಡಿಸಿತು. ಕರ್ನಾಟಕದ 1975ರ ಕಾಯಿದೆಯು ನಿರಾಶ್ರಿತರ ಕೇಂದ್ರಗಳ ವೆಚ್ಚಕ್ಕಾಗಿ ಕಟ್ಟಡ ಮತ್ತು ನಿವೇಶನಗಳ ತೆರಿಗೆಯ ಮೇಲೆ ಶೇ. 3ರ ಉಪಕರವನ್ನು ವಿಧಿಸಿತು. ಮನೆಯಿದ್ದವನ ತೆರಿಗೆಯಿಂದ ಮನೆಯಿಲ್ಲದವನ ಅನ್ನ ಎಂಬ ತತ್ತ್ವ ಇದರಲ್ಲಿದೆ. ಆದರೆ ಆ ಅನ್ನಕ್ಕೆ ಗೋಡೆಯೂ ಅಂಟಿಕೊಂಡಿದೆ. 2011ರ ಜನಗಣತಿಯು ದೇಶದಲ್ಲಿ 17.7 ಲಕ್ಷ ಮನೆರಹಿತರನ್ನು ಎಣಿಸಿತು. 2001ರಿಂದ ಸರ್ವೋಚ್ಚ ನ್ಯಾಯಾಲಯವು ನೀಡಿದ ಆದೇಶಗಳೂ 2013ರ ಆಹಾರ ಭದ್ರತಾ ಕಾಯಿದೆಯೂ ಅನ್ನವನ್ನು ಹಕ್ಕಿನ ಭಾಷೆಯಲ್ಲಿ ಹೇಳಿವೆ. ಚೆನ್ನೈಯ ಅಮ್ಮಾ ಉಣವಗಂ ಮತ್ತು ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳು ಉಣ್ಣುವವನ ಊರನ್ನು ಕೇಳುವುದಿಲ್ಲ ಎಂಬುದು ಈ ಚರಿತ್ರೆಯ ಬೆಳಕಿನಲ್ಲಿ ಸಣ್ಣ ಸಂಗತಿಯಲ್ಲ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ವ್ಯಕ್ತವಾಗುತ್ತವೆ. ದತ್ತಿಯು ನಿರಂತರವಾಗಿದ್ದರೂ ಬರಗಾಲದಲ್ಲಿ ಸೊರಗುತ್ತಿತ್ತು. ಚಂದಾವು ಬರಗಾಲದಲ್ಲಿಯೇ ಹುಟ್ಟಿದರೂ ದಾನಿಯ ಮರುಕ ಇರುವಷ್ಟು ದಿನ ಮಾತ್ರ ಬದುಕುತ್ತಿತ್ತು. ಇವೆರಡರ ನಡುವೆ, ನೆಲೆ ಇದ್ದು ಕಳೆದುಕೊಂಡವನಿಗೆ ನೆಲೆ ಮರಳಿ ದೊರೆತರೂ, ಮೊದಲಿನಿಂದಲೂ ನೆಲೆ ಇಲ್ಲದವನಿಗೆ ಒಂದು ಹೊತ್ತಿನ ಗಂಜಿಯೂ ಶಿಬಿರದ ಸಾಲೂ ಉಳಿದವು.

ಈ ಅಧ್ಯಯನವನ್ನು ಮುಂದುವರಿಸಲು ಹೊರನಾಡಿನಲ್ಲಿ ವಿಪುಲ ಅವಕಾಶವಿದೆ. ಬಳ್ಳಾರಿಯ ಕಾಗದಪತ್ರಗಳಿಗೆ ಚೆನ್ನೈಯ ಎಗ್ಮೋರಿನ ಪತ್ರಾಗಾರವನ್ನೂ, ಧಾರವಾಡ ಮತ್ತು ಕಲಾದಗಿಗಳಿಗೆ ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳನ್ನೂ, ರಾಯಚೂರಿನ ವಿಷಯಕ್ಕೆ ಹೈದರಾಬಾದಿನ ದಫ್ತರುಗಳನ್ನೂ, ಮೈಸೂರಿನ ಆಡಳಿತದ ಪತ್ರವ್ಯವಹಾರಕ್ಕೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನೂ ಶೋಧಿಸಬೇಕು. ಸ್ಥಳೀಯ ಸಮಿತಿಗಳ ಸದಸ್ಯರು ಯಾರು, ಅವರು ಯಾರ ಹೆಸರನ್ನು ಪಟ್ಟಿಗೆ ಸೇರಿಸಿದರು, ಯಾರ ಹೆಸರನ್ನು ಬಿಟ್ಟರು ಎಂಬುದನ್ನು ತಾಲ್ಲೂಕಿನ ಮಟ್ಟದಲ್ಲಿ ಪರಿಶೀಲಿಸುವುದು ಮೊದಲ ಕೆಲಸ. ದಾನಿಗಳ ಪಟ್ಟಿಗಳು ಅಚ್ಚಾಗಿ ಉಳಿದಿವೆ. ಉಂಡವರ ಮತ್ತು ಉಣ್ಣದೆ ಹೋದವರ ಪಟ್ಟಿಯನ್ನು ನಾವು ಇನ್ನು ಕಟ್ಟಬೇಕಾಗಿದೆ.